ತಕ್ಕಡಿಯೊಡನೆ ಕುಸ್ತಿ

ನೂರು ಗ್ರಾಂ ಎಂದರೆ ನಾವು ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಸಾಸಿವೆಯ ಒಂದು ಸಣ್ಣ ಪೊಟ್ಟಣ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಷ್ಟು ತೂಕ ಹೆಚ್ಚಾಯಿತೆಂದು ನಮ್ಮ ವಿನೇಶ್ ಫೋಗಟ್ ಅಂತಿಮ ಪಂದ್ಯವಾಡದೆಯೇ ಹಿಂತಿರುಗಬೇಕಾಯಿತು. ಹಿಂದಿನ ದಿನವಷ್ಟೇ 50 ಕಿಲೋ ವಿಭಾಗದಲ್ಲಿ ಆಕೆ ಮೂವರನ್ನು ಮಣಿಸಿದ್ದರು. ಆ ಮೂವರಲ್ಲಿ ಒಬ್ಬರು, ಅದುವರೆಗೆ ವಿದೇಶದ ಯಾರಿಗೂ ಸೋಲದಿದ್ದ ಜಪಾನಿನ ಯುಯಿ ಸುಸಾಕಿ. ಆಗ ನಮ್ಮ ಮನೆಮನೆಗಳಲ್ಲಿ ತಪ್ಪು ಯಾರದೆಂಬ ಚರ್ಚೆ ನಡೆಯಿತು. ಆದರೆ ತಕ್ಕಡಿಯೆಂಬುದು ಅಖಾಡಕ್ಕೆ ಬಂದುದಾದರೂ ಏಕೆ, ಅದನ್ನು ಗೆಲ್ಲಲು ಮೈಯ ನೀರನ್ನೇ ಹಿಂಡಿ ತೆಗೆಯುವ ಪದ್ಧತಿ ಹೇಗೆ ಬೆಳೆಯಿತು ಎಂಬುದನ್ನು ಅರಿಯದೆ ಆ ಚರ್ಚೆ ಪೂರ್ಣವಾಗದು.

ಪ್ರಾಚೀನ ಗ್ರೀಕರ ಕುಸ್ತಿಯಲ್ಲಿ ತೂಕದ ವಿಭಾಗಗಳೇ ಇರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿಯೂ ಎಲ್ಲರಿಗೂ ಒಂದೇ ಕುಸ್ತಿ. ಅಲ್ಲಿ ಗೆದ್ದವನು ಜರ್ಮನಿಯ ಕಾರ್ಲ್ ಶೂಮಾನ್ ಎಂಬ ಕುಳ್ಳ. ಮೂಲತಃ ಜಿಮ್ನಾಸ್ಟಿಕ್ಸ್ ಪಟು. ಅವನ ಕೈಯಲ್ಲಿ ಸೋತವರಲ್ಲಿ ಭಾರ ಎತ್ತುವುದರಲ್ಲಿ ಆಗಷ್ಟೇ ಗೆದ್ದಿದ್ದ ಬ್ರಿಟನ್ನಿನ ಲಾನ್ಸ್‌ಟನ್ ಎಲಿಯಟ್ ಸಹ ಇದ್ದ. ಆದರೆ ಇಂಥ ಪವಾಡ ದಿನವೂ ನಡೆಯುವಂಥದಲ್ಲ. ದೊಡ್ಡವನು ಸಣ್ಣವನನ್ನು ಹೊಸಕಿಹಾಕುವುದೇ ಸಾಮಾನ್ಯ. ಆದ್ದರಿಂದ 1904ರ ಸೇಂಟ್ ಲೂಯಿ ಒಲಿಂಪಿಕ್ಸಿನಲ್ಲಿ ಕುಸ್ತಿಗೆ ತೂಕದ ವಿಭಾಗಗಳು ಬಂದವು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಮುಷ್ಟಿಯುದ್ಧಕ್ಕೆ ಎಂಟು ವಿಭಾಗಗಳನ್ನು ಗೊತ್ತುಮಾಡಿತು. ನಮ್ಮ ಕಡೆಯ ಗರಡಿಗಳಲ್ಲಿ ಅನುಭವಿ ಉಸ್ತಾದರು ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಿದ್ದರಷ್ಟೆ. ಆ ಕೆಲಸವನ್ನೇ ಅಲ್ಲಿ ತಕ್ಕಡಿಗೆ ವಹಿಸಿದರು. ಸಣ್ಣ ಮೈಯವನಿಗೂ ನ್ಯಾಯ ದೊರೆಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕರಾಡದ ಬಳಿಯ ಹಳ್ಳಿಯ ಖಾಶಾಬಾ ಜಾಧವ್ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದದ್ದು 57 ಕಿಲೋ ವಿಭಾಗದಲ್ಲಿ.

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲೆಲ್ಲೂ ಉಂಟು. ತೂಕ ನೋಡುವ ಹೊತ್ತಿಗೂ ಪಂದ್ಯದ ಹೊತ್ತಿಗೂ ನಡುವೆ ಕೆಲವು ಗಂಟೆಗಳ ಸಂದು ಇದೆಯಲ್ಲ? ತಕ್ಕಡಿಯ ಮೇಲೆ ಹಗುರವಾಗಿ ನಿಂತು ಅಖಾಡಕ್ಕೆ ಭಾರವಾಗಿ ಇಳಿದರೆ, ಎದುರಾಳಿಗಿಂತ ಒಂದು ಕೈ ಮೇಲು ತಾನೆ?

ಇದು ಹೇಗೆ ಸಾಧ್ಯವೆಂದು ಕೇಳಬಹುದು. ನಮ್ಮ ಮೈತೂಕದಲ್ಲಿ ಹೆಚ್ಚುಕಡಿಮೆ ಶೇಕಡ 60 ಭಾಗ ನೀರು. ಒಂದು ಕಿಲೋ ಕೊಬ್ಬು ಕರಗಲು ದಿನಗಳೇ ಬೇಕು. ಒಂದು ಕಿಲೋ ನೀರು, ಎಂದರೆ ಒಂದು ಲೀಟರ್ ಬೆವರು, ಸೆಕೆಯಲ್ಲಿ ಬಿರುಸಾಗಿ ಓಡಿದರೆ ಒಂದು ಗಂಟೆಯಲ್ಲಿ ಹರಿದುಹೋದೀತು. ಅನ್ನ, ರೊಟ್ಟಿ ಬಿಟ್ಟರೆ ಸ್ನಾಯುಗಳಲ್ಲಿನ ಗ್ಲೈಕೋಜನ್ ಕರಗಿ, ಅದು ಹಿಡಿದಿಟ್ಟಿದ್ದ ಸುಮಾರು ಮೂರು ಪಟ್ಟು ನೀರೂ ಹೊರಟುಹೋಗುತ್ತದೆ. ಕೆಲವು ದಿನ ಲೀಟರುಗಟ್ಟಲೆ ನೀರು ಕುಡಿದು ಒಮ್ಮೆಲೇ ನಿಲ್ಲಿಸುವುದು ಇನ್ನೊಂದು ಉಪಾಯ. ಮೂತ್ರಪಿಂಡಗಳು ರೂಢಿಯ ಮೇಲೆ ಸ್ವಲ್ಪ ಕಾಲ ನೀರನ್ನು ಹೊರಹಾಕುತ್ತಲೇ ಇರುತ್ತವೆ. ಉಗಿಕೋಣೆ, ರಬ್ಬರ್ ಉಡುಪು, ಮೂತ್ರ ಹೆಚ್ಚಿಸುವ ಮಾತ್ರೆ, ಇವು ಬೇರೆ.

ಅಪಾಯವಿರುವುದೂ ಅಲ್ಲಿಯೇ. ನೀರು ಹೋದಂತೆ ರಕ್ತದ ಪ್ರಮಾಣ ಇಳಿದು ಹೃದಯ ಹೆಚ್ಚು ವೇಗವಾಗಿ ಬಡಿಯಬೇಕಾಗುತ್ತದೆ. ಬೆವರು ಮೈಯನ್ನು ತಂಪುಮಾಡುವುದು ತಾನು ಆವಿಯಾದಾಗ ಮಾತ್ರ. ರಬ್ಬರ್ ಉಡುಪಿನೊಳಗೆ ಅದು ಆವಿಯಾಗಲಾರದು. ನೀರೂ ಹೋಯಿತು, ತಂಪೂ ಬರಲಿಲ್ಲ, ಮೈಯ ಬಿಸಿ ಮಾತ್ರ ಏರುತ್ತ ಹೋಯಿತು ಎಂಬಂತಾಗುತ್ತದೆ.

ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆ 1976ರಲ್ಲಿಯೇ ಈ ಬಗ್ಗೆ ಎಚ್ಚರಿಸಿತ್ತು. ಕೇಳಿದವರು ಕಡಿಮೆ. 1997ರ ನವೆಂಬರ್ 7ರಿಂದ ಡಿಸೆಂಬರ್ 9ರೊಳಗೆ ಅಲ್ಲಿನ ನಾರ್ತ್ ಕೆರೊಲಿನಾ, ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸುತ್ತಲೇ ಪ್ರಾಣ ಬಿಟ್ಟರು. ಅವರ ವಯಸ್ಸು 19, 22 ಮತ್ತು 21. ಎದುರಾಳಿಯ ಮುಖವನ್ನೇ ನೋಡದೆ, ಬರಿಯ ತಕ್ಕಡಿಯೊಡನೆ ಸೆಣಸಿ ಸೋತ ಹುಡುಗರು ಅವರು. ಆಗ ಕಾಲೇಜು ಕ್ರೀಡಾ ಮಂಡಳಿಯ ಕಣ್ಣು ತೆರೆಯಿತು. 1998ರ ಜನವರಿಯಲ್ಲಿ ರಬ್ಬರ್ ಉಡುಪು, ಉಗಿಕೋಣೆ, ಮಾತ್ರೆಗಳಿಗೆ ನಿಷೇಧ ಬಂತು. ತೂಕ ನೋಡುವುದನ್ನು ಪಂದ್ಯದ ಸಮೀಪಕ್ಕೆ ತಂದರು. ಮುಂದೆ, ಋತುವಿನ ಆರಂಭದಲ್ಲಿಯೇ ಮೂತ್ರ ಪರೀಕ್ಷೆಯಿಂದ ಮೈಯಲ್ಲಿ ನೀರು ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಇದಕ್ಕಿಂತ ಕೆಳಗೆ ಇಳಿಯಕೂಡದೆಂಬ ಕನಿಷ್ಠ ತೂಕವನ್ನು ಪ್ರತಿಯೊಬ್ಬನಿಗೂ ಗೊತ್ತುಮಾಡುವ ಕ್ರಮ ನೆಲೆಗೊಂಡಿತು.

ವೃತ್ತಿಪರ ಮುಷ್ಟಿಯುದ್ಧದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಸ್ಪರ್ಧಿಗಳಿಗೆ ಚೇತರಿಸಿಕೊಳ್ಳಲು ಹೊತ್ತು ಸಿಗಲೆಂಬ ಸದುದ್ದೇಶದಿಂದ 1980ರ ದಶಕದಲ್ಲಿ ತೂಕ ನೋಡುವುದನ್ನು ಹಿಂದಿನ ದಿನಕ್ಕೆ ಸರಿಸಿದರು. ಹೊತ್ತು ಹೆಚ್ಚು ಸಿಕ್ಕಿತೆಂದು ಅವರು ನೀರನ್ನೂ ಹೆಚ್ಚು ಇಳಿಸಿದರು! 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ತಕ್ಕಡಿಯ ಮೇಲೆ 141 ಪೌಂಡಿನ ಮಿತಿಯಲ್ಲಿ ನಿಂತ ಆರ್ಟುರೊ ಗಟ್ಟಿ, ಮರುದಿನ ಸುಮಾರು 160 ಪೌಂಡಿನವನಾಗಿ ಕಣಕ್ಕಿಳಿದ. ಎದುರಾಳಿ ಜೋಯಿ ಗಮಾಶ್ ಮಿದುಳಿಗೆ ಪೆಟ್ಟು ಬಿದ್ದು ಮತ್ತೆಂದೂ ಕಣಕ್ಕೆ ಮರಳಲಿಲ್ಲ. ಸಣ್ಣವನ ರಕ್ಷಣೆಗೆಂದು ಬಂದ ತಕ್ಕಡಿಯೇ ಅವನನ್ನು ಕೈಬಿಟ್ಟಂತಾಯಿತು.

ಅಂತರರಾಷ್ಟ್ರೀಯ ಕುಸ್ತಿಯಲ್ಲಿ 2018ರಿಂದ ಪಂದ್ಯದ ದಿನ ಬೆಳಿಗ್ಗೆಯೇ ತೂಕ. ಸ್ಪರ್ಧೆ ಎರಡು ದಿನ, ಎರಡನೆಯ ದಿನವೂ ಮತ್ತೆ ತೂಕ. ಸಂದನ್ನು ಮುಚ್ಚುವ ಒಳ್ಳೆಯ ನಿಯಮವೇ. ಆದರೆ ನಿಯಮ ಬದಲಾದಷ್ಟು ಬೇಗ ರೂಢಿ ಬದಲಾಗದು. ನಾವು ಕಚೇರಿಗಳಲ್ಲಿ ಸುತ್ತೋಲೆಗಳ ಗತಿ ಕಂಡವರು, ಇದನ್ನು ಬಲ್ಲೆವು. ಮೊದಲ ದಿನ ತೂಕ ಕೊಟ್ಟು, ಕುಸ್ತಿಯಾಡಲು ಬೇಕಾದ ನೀರು, ಆಹಾರ ತೆಗೆದುಕೊಂಡ ವಿನೇಶರ ತೂಕ ಸಂಜೆಗೆ 2.7 ಕಿಲೋ ಮೇಲೇರಿತ್ತು. ರಾತ್ರಿಯಿಡೀ ಶ್ರಮಿಸಿ, ಕೂದಲನ್ನೂ ಕತ್ತರಿಸಿದ ಮೇಲೆ ಉಳಿದದ್ದು ಆ ನೂರು ಗ್ರಾಂ. ಅದೇ ವಾರ 21ರ ಅಮನ್ ಸೆಹ್ರಾವತ್ ಹತ್ತು ಗಂಟೆಗಳಲ್ಲಿ 4.6 ಕಿಲೋ ಇಳಿಸಿ ಕಂಚು ಗೆದ್ದರೆಂದು ಪತ್ರಿಕೆಗಳು ಕೊಂಡಾಡಿದವು. ಒಬ್ಬರಿಗಾಗಿ ಅತ್ತೆವು, ಇನ್ನೊಬ್ಬರಿಗೆ ಚಪ್ಪಾಳೆ ತಟ್ಟಿದೆವು. ಇಬ್ಬರೂ ಆ ರಾತ್ರಿ ಪಟ್ಟ ಪಾಡು ಒಂದೇ ಎಂಬುದು ನಮಗೆ ಹೊಳೆಯಲಿಲ್ಲ.

ಪರಸ್ಥಳಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಈಗ ಶಾಲೆಗಳಲ್ಲಿ ಜೂಡೊ, ಟೇಕ್ವಾಂಡೊ, ಮುಷ್ಟಿಯುದ್ಧ ಕಲಿಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಬೆಳೆಯುವ ಮಗುವಿನ ತೂಕ ಏರಲೇಬೇಕು. ಮಗ ಸ್ಪರ್ಧೆಯ ಹಿಂದಿನ ದಿನ ನೀರು ಬೇಡವೆಂದರೆ, ಮಗಳು ಸೆಕೆಯಲ್ಲಿ ಸ್ವೆಟರ್ ತೊಟ್ಟು ಓಡಲು ಹೊರಟರೆ, ಅದನ್ನು ಛಲವೆಂದು ಮೆಚ್ಚದೆ ತಡೆಯೋಣ. ಮರುದಿನವೇ ಹೋಗಿ ತರಬೇತುದಾರರನ್ನು ವಿಚಾರಿಸೋಣ. ಮೇಲಿನ ವಿಭಾಗದಲ್ಲಿ ಆಡಿ ಸೋತ ಮಗು ಮುಂದಿನ ವರ್ಷ ಮತ್ತೆ ಆಡಬಹುದು. ಆ ಮೂವರು ಹುಡುಗರಿಗೆ ಮುಂದಿನ ವರ್ಷವೇ ಇರಲಿಲ್ಲ.