ಸುಂಕದ ಕಟ್ಟೆಯ ಎರಡು ಬದಿ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಹೇರು ಹೊತ್ತು ಬಂದವನ ಮನೆಯ ಕಷ್ಟ ಏನೇ ಇರಲಿ, ಸುಂಕದವನಿಗೆ ಬೇಕಾದದ್ದು ಸುಂಕ ಮಾತ್ರ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದಿಂದ ಹೆಗ್ಗನಹಳ್ಳಿಯ ಮೂಲಕ ಮಾಗಡಿ ರಸ್ತೆಯತ್ತ ಹೋದರೆ ಸುಂಕದಕಟ್ಟೆ ಎಂಬ ಬಡಾವಣೆಯೇ ಸಿಗುತ್ತದೆ. ಇಂದು ಅಲ್ಲಿ ಹೇರೆತ್ತುಗಳನ್ನು ತಡೆದು ನಿಲ್ಲಿಸುವವರು ಯಾರೂ ಇಲ್ಲ. ಆದರೂ ರಾಜಗೋಪಾಲನಗರದ ಲೇತ್ ಶೆಡ್ಡುಗಳಿಗೆ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಸುಂಕದ ಬಿಸಿ ತಪ್ಪಿಲ್ಲ. ಅವರ ಸುಂಕದ ಕಟ್ಟೆ ಈಗ ಸಾವಿರಾರು ಮೈಲಿ ದೂರದಲ್ಲಿ, ಅಮೆರಿಕದ ಬಂದರುಗಳಲ್ಲಿದೆ.

2025ರ ಆಗಸ್ಟ್ 7ರಂದು ಅಮೆರಿಕ ಸರಕಾರವು ಭಾರತದ ಬಹುಪಾಲು ಸರಕುಗಳ ಮೇಲೆ ಶೇಕಡ 25ರಷ್ಟು ಹೆಚ್ಚುವರಿ ಸುಂಕ ಹೇರಿತು. ಭಾರತ ರಷ್ಯಾದಿಂದ ತೈಲ ಕೊಳ್ಳುತ್ತಿದೆ ಎಂಬ ಕಾರಣಕ್ಕೆ ಅದೇ ತಿಂಗಳ 27ರಿಂದ ಇನ್ನೂ 25 ಸೇರಿ ಒಟ್ಟು ಶೇಕಡ 50 ಆಯಿತು. ‘ಇದು ನ್ಯಾಯಯುತ ವ್ಯಾಪಾರಕ್ಕಾಗಿ’ ಎಂದು ಅಮೆರಿಕ ಹೇಳಿತು. ‘ಇದು ಅನ್ಯಾಯ’ ಎಂದು ಭಾರತ ಹೇಳಿತು. ಒಂದೇ ಸುಂಕ ಒಬ್ಬರಿಗೆ ನ್ಯಾಯ, ಇನ್ನೊಬ್ಬರಿಗೆ ಅನ್ಯಾಯ ಆಗುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆದಾಯದ ಸುಂಕ, ಆಸರೆಯ ಸುಂಕ

ಸುಂಕ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಈ ಸುಂಕಗಳ ಉದ್ದೇಶ ಅರಸನ ಬೊಕ್ಕಸಕ್ಕೆ ಆದಾಯ. ಆ ಆದಾಯದ ಒಂದು ಭಾಗವನ್ನು ದೇವಾಲಯಕ್ಕೆ ದತ್ತಿ ಬಿಡುವುದೂ ಇತ್ತು.

ಸುಂಕಕ್ಕೆ ಇನ್ನೊಂದು ಕೆಲಸವನ್ನೂ ವಹಿಸಬಹುದು. ಹೊರಗಿನ ಅಗ್ಗದ ಸರಕನ್ನು ದುಬಾರಿ ಮಾಡಿ ಒಳಗಿನ ಉದ್ಯಮಕ್ಕೆ ಆಸರೆ ಕೊಡುವುದೇ ಆ ಕೆಲಸ. ಈ ವಾದವನ್ನು ಗಟ್ಟಿಯಾಗಿ ಮಂಡಿಸಿದವರಲ್ಲಿ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪ್ರಮುಖ. ಆತ 1791ರಲ್ಲಿ ಕೈಗಾರಿಕೆಗಳ ಬಗ್ಗೆ ಅಲ್ಲಿನ ಸಂಸತ್ತಿಗೆ ಒಂದು ವರದಿ ಒಪ್ಪಿಸಿದ. ಇಂಗ್ಲೆಂಡಿನ ಬಲಿತ ಕಾರ್ಖಾನೆಗಳ ಮುಂದೆ ತಮ್ಮ ಎಳೆಯ ಕಾರ್ಖಾನೆಗಳು ನಿಲ್ಲಲಾರವು, ಆದ್ದರಿಂದ ಸುಂಕ ಮತ್ತು ಸಹಾಯಧನದ ಆಸರೆ ಬೇಕು ಎಂಬುದು ಅದರ ತಿರುಳು. ಸಸಿಗೆ ಬೇಲಿ ಕಟ್ಟಿದಂತೆ ಎನ್ನೋಣ. ಆದರೆ ಬೇಲಿ ಕಟ್ಟುವ ಖರ್ಚು ಯಾರದು? ಸಸಿ ಮರವಾದ ಮೇಲೆ ಬೇಲಿ ತೆಗೆಯುವವರು ಯಾರು? ಅಮೆರಿಕದ ಜಗಳವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆದಿದೆ.

ಅಮೆರಿಕದ ಒಳಜಗಳ

1828ರಲ್ಲಿ ಅಮೆರಿಕ ಆಮದು ಸುಂಕವನ್ನು ಬಹಳವಾಗಿ ಏರಿಸಿತು. ಉತ್ತರದ ಕಾರ್ಖಾನೆಗಳಿಗೆ ಅನುಕೂಲವಾಯಿತು. ಹತ್ತಿ ಬೆಳೆದು ಇಂಗ್ಲೆಂಡಿಗೆ ಮಾರುತ್ತಿದ್ದ ದಕ್ಷಿಣದ ರಾಜ್ಯಗಳು ಮಾತ್ರ ಕೆರಳಿದವು. ತಾವು ಕೊಳ್ಳುವ ಸರಕು ದುಬಾರಿಯಾಯಿತು, ತಮ್ಮ ಹತ್ತಿಗೆ ಅದರಿಂದ ಲಾಭವಿಲ್ಲ ಎಂಬುದು ಅಲ್ಲಿನ ತೋಟದ ಧಣಿಗಳ ದೂರು. ಆ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. 1832ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ ಈ ಸುಂಕದ ಕಾನೂನು ತನಗೆ ಅನ್ವಯಿಸುವುದಿಲ್ಲ ಎಂದೇ ಸಾರಿತು. ಮರುವರ್ಷ ಸುಂಕವನ್ನು ಹಂತಹಂತವಾಗಿ ಇಳಿಸುವ ರಾಜಿಯಿಂದ ಆ ಬಿಕ್ಕಟ್ಟು ಶಮನವಾಯಿತು.

ಮುಂದೆ 1930ರ ಜೂನ್ 17ರಂದು ಅಧ್ಯಕ್ಷ ಹೂವರ್ ಸ್ಮೂಟ್–ಹಾಲಿ ಸುಂಕ ಕಾನೂನಿಗೆ ಸಹಿ ಹಾಕಿದರು. ಬೇಡವೆಂದು 1,028 ಅರ್ಥಶಾಸ್ತ್ರಜ್ಞರು ಮನವಿ ಮಾಡಿಕೊಂಡಿದ್ದರು. ಕೆನಡಾ ಮತ್ತು ಯೂರೋಪಿನ ಹಲವು ದೇಶಗಳು ಪ್ರತಿಸುಂಕ ಹೇರಿದವು. 1929ರಿಂದ 1933ರೊಳಗೆ ಅಮೆರಿಕದ ರಫ್ತು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಮಹಾ ಆರ್ಥಿಕ ಕುಸಿತವೇ ಇದಕ್ಕೆ ದೊಡ್ಡ ಕಾರಣವಾದರೂ ಸುಂಕದ ಸಮರ ಗಾಯದ ಮೇಲೆ ಬರೆ ಎಳೆಯಿತು. ಆ ಕಹಿ ನೆನಪೇ 1947ರಲ್ಲಿ 23 ದೇಶಗಳು ಗ್ಯಾಟ್ ಒಪ್ಪಂದಕ್ಕೆ ಬರಲು ಪ್ರೇರಣೆ. ಭಾರತವೂ ಆ 23ರಲ್ಲಿ ಒಂದು. 1995ರ ಜನವರಿ 1ರಂದು ಗ್ಯಾಟ್‌ನ ಜಾಗಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಬಂದಿತು.

ಆದರೂ ಜಗಳ ನಿಲ್ಲಲಿಲ್ಲ. 1980ರ ದಶಕದಲ್ಲಿ ಜಪಾನಿನ ಕಾರು, ಮೋಟಾರ್ ಸೈಕಲ್ಲುಗಳು ಅಮೆರಿಕದ ಮಾರುಕಟ್ಟೆಯನ್ನು ತುಂಬಿದಾಗ ‘ಮುಕ್ತ ವ್ಯಾಪಾರ ಸಾಲದು, ನ್ಯಾಯಯುತ ವ್ಯಾಪಾರ ಬೇಕು’ ಎಂಬ ಕೂಗು ಎದ್ದಿತು. 1983ರಲ್ಲಿ ಅಧ್ಯಕ್ಷ ರೇಗನ್ ದೊಡ್ಡ ಮೋಟಾರ್ ಸೈಕಲ್ಲುಗಳ ಮೇಲಿನ ಸುಂಕವನ್ನು ಐದು ವರ್ಷದ ಮಟ್ಟಿಗೆ ಏರಿಸಿದರು. ಅದರ ಆಸರೆ ಪಡೆದ ಹಾರ್ಲೆ ಡೇವಿಡ್ಸನ್ ಕಂಪನಿ 1987ರಲ್ಲಿ, ಅವಧಿಗೆ ಮುಂಚೆಯೇ, ಇನ್ನು ಬೇಲಿ ಬೇಡ ಎಂದಿತು. ಹೀಗೆ ತಾನಾಗಿಯೇ ಬೇಲಿ ಬೇಡವೆನ್ನುವವರು ವಿರಳ. 1989ರಲ್ಲಿ ಅಮೆರಿಕ ‘ಸೂಪರ್ 301’ ಎಂಬ ನಿಯಮದಡಿ ಜಪಾನ್, ಬ್ರೆಜಿಲ್‌ಗಳ ಜೊತೆಗೆ ಭಾರತವನ್ನೂ ಅನ್ಯಾಯದ ವ್ಯಾಪಾರ ನಡೆಸುವ ದೇಶವೆಂದು ಹೆಸರಿಸಿತು.

ನಮ್ಮ ಕಡೆಯ ಅನುಭವ

ಈಗ ಕಟ್ಟೆಯ ಈಚೆ ಬದಿಗೆ ಬರೋಣ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತಕ್ಕೆ ತನ್ನ ಸುಂಕವನ್ನು ತಾನೇ ನಿರ್ಧರಿಸುವ ಅಧಿಕಾರ ಇರಲಿಲ್ಲ. 1896ರಲ್ಲಿ ಲ್ಯಾಂಕಾಷೈರಿನ ಬಟ್ಟೆಯ ಮೇಲೆ ಶೇಕಡ 3.5ರಷ್ಟು ಆಮದು ಸುಂಕ ಹಾಕಿದಾಗ, ಭಾರತದ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ ಪ್ರಮಾಣದ ಅಬಕಾರಿ ಸುಂಕ ಹಾಕಲಾಯಿತು. ಇಬ್ಬರಿಗೂ ಒಂದೇ ದರ, ನೋಡುವುದಕ್ಕೆ ಸಮಾನತೆ. ಆದರೆ ಬಲಿತವನನ್ನೂ ಎಳೆಯನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಅದು ನ್ಯಾಯವೇ? ಈ ಅಬಕಾರಿ ಸುಂಕವನ್ನು ತೆಗೆಯಲು 1925ರ ತನಕ ಹೋರಾಡಬೇಕಾಯಿತು.

ಮೈಸೂರು ಸಂಸ್ಥಾನಕ್ಕಂತೂ ಸ್ವಂತ ಬಂದರೇ ಇರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಆರಂಭವಾದ ಗಂಧದೆಣ್ಣೆ ಕಾರ್ಖಾನೆ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲವೂ ಸಂಸ್ಥಾನದ ಬಂಡವಾಳದ ಬಲದಿಂದ ನಿಂತವು. ಸುಂಕದ ಬೀಗದ ಕೈ ಮಾತ್ರ ಬ್ರಿಟಿಷ್ ಸರಕಾರದ ಬಳಿ ಇತ್ತು.

ಸ್ವಾತಂತ್ರ್ಯದ ನಂತರ ಕೈ ನಮ್ಮದಾಯಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. ಮೊದಲು ಯಂತ್ರೋಪಕರಣ, 1961ರಿಂದ ಕೈಗಡಿಯಾರ. ಎತ್ತರದ ಸುಂಕ, ಆಮದು ಪರವಾನಗಿ ಇವೆರಡೂ ಬೇಲಿಯಾಗಿ ನಿಂತವು. ಆ ಬೇಲಿಯೊಳಗೆ ಬೆಂಗಳೂರು ಪಡೆದದ್ದು ದೊಡ್ಡದು. ಎಚ್.ಎಂ.ಟಿ., ಬಿ.ಇ.ಎಲ್., ಎಚ್.ಎ.ಎಲ್.ಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಪೀಣ್ಯದಲ್ಲಿ ಬೆಳೆದವು. ಟರ್ನರ್, ಫಿಟ್ಟರ್, ಟೂಲ್ ಮೇಕರ್ ಎಂಬ ಕಸುಬುಗಳು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು.

ಆದರೆ ಅದೇ ಎಚ್.ಎಂ.ಟಿ.ಯ ಗಡಿಯಾರ ವಿಭಾಗ ಕಾಲದ ಓಟದಲ್ಲಿ ಹಿಂದೆ ಬಿದ್ದಿತು. ಅದನ್ನು ಮೊದಲು ಹಿಂದಿಕ್ಕಿದ್ದು ವಿದೇಶಿ ಗಡಿಯಾರವಲ್ಲ, ಪಕ್ಕದ ಹೊಸೂರಿನ ಟೈಟಾನ್. ಕ್ವಾರ್ಟ್ಸ್ ಗಡಿಯಾರದ ಯುಗ ಬಂದಾಗ ಎಚ್.ಎಂ.ಟಿ. ಕೀ ಕೊಡುವ ಗಡಿಯಾರಗಳನ್ನೇ ಬಹುವಾಗಿ ನೆಚ್ಚಿಕೊಂಡಿತ್ತು. 2016ರಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ. ವಾಚಸ್ ಅನ್ನು ಮುಚ್ಚಲು ತೀರ್ಮಾನಿಸಿತು. ಬೇಲಿ ಕಳ್ಳದನವನ್ನು ತಡೆಯಬಲ್ಲದು, ಗಿಡಕ್ಕೆ ನೀರೆರೆಯಲಾರದು.

1991ರಲ್ಲಿ ದೇಶದ ನೀತಿಯೇ ಬದಲಾಯಿತು. ಮುನ್ನೂರನ್ನೂ ಮೀರಿದ್ದ ಗರಿಷ್ಠ ಸುಂಕ ಶೇಕಡ 150ಕ್ಕೆ, 1995ರಲ್ಲಿ 50ಕ್ಕೆ, 2007ರಲ್ಲಿ ಕೃಷಿಯೇತರ ಸರಕುಗಳ ಮಟ್ಟಿಗೆ 10ಕ್ಕೆ ಇಳಿಯಿತು. ಇದಕ್ಕೆ ವಿರೋಧವೂ ಇತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಡಂಕೆಲ್ ಪ್ರಸ್ತಾವದ ವಿರುದ್ಧ ಬೆಂಗಳೂರಿನಲ್ಲೇ ದೊಡ್ಡ ಹೋರಾಟ ನಡೆಸಿತು.

ರೇಷ್ಮೆ ಕಲಿಸುವ ಪಾಠ

ಸುಂಕ ಯಾರಿಗೆ ಆಸರೆ, ಯಾರಿಗೆ ಹೊರೆ ಎಂಬುದನ್ನು ಕರ್ನಾಟಕದ ರೇಷ್ಮೆಯಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ. ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತನಿಗೂ, ಗೂಡಿನಿಂದ ನೂಲು ತೆಗೆಯುವ ರೀಲರಿಗೂ ಚೀನಾದ ಅಗ್ಗದ ಕಚ್ಚಾ ರೇಷ್ಮೆ ಶತ್ರು. ದೊಡ್ಡಬಳ್ಳಾಪುರದ ಮಗ್ಗದವರಿಗೆ ಅದೇ ರೇಷ್ಮೆ ಮಿತ್ರ. ಏಕೆಂದರೆ ವಿದ್ಯುತ್ ಮಗ್ಗದ ಹಾಸಿಗೆ ಒಂದೇ ಸಮನಾದ, ಕಡಿಯದ ಎಳೆ ಬೇಕು. ನೇಯ್ಗೆಯಲ್ಲಿ ಹಾಸು–ಹೊಕ್ಕು ಬೇರೆಯಾಗಲಾರವು. ಸುಂಕದ ಪ್ರಶ್ನೆ ಬಂದಾಗ ಮಾತ್ರ ನೂಲು ತೆಗೆಯುವವರೂ ನೇಯುವವರೂ ಎದುರುಬದುರಾಗುತ್ತಾರೆ.

2003ರಲ್ಲಿ ಭಾರತ ಚೀನಾದ ಕಚ್ಚಾ ರೇಷ್ಮೆಯ ಮೇಲೆ ‘ಸುರಿವು ನಿರೋಧಕ ಸುಂಕ’ ಹಾಕಿತು. ಅಂದರೆ ತನ್ನ ದೇಶದ ಬೆಲೆಗಿಂತ ಕಡಿಮೆಗೆ ಇಲ್ಲಿ ತಂದು ಸುರಿಯುವುದನ್ನು ತಡೆಯುವ ಸುಂಕ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೂಲ ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಲಾಯಿತು. ಆ ವರ್ಷ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು. 30 ಎಂದರೆ ನೇಕಾರ ನೊಂದ, 5 ಎಂದರೆ ರೈತ ನೊಂದ. ಇಬ್ಬರೂ ಕನ್ನಡಿಗರೇ, ಇಬ್ಬರೂ ಬೆವರು ಸುರಿಸುವವರೇ.

ಪೀಣ್ಯದ ಕಡೆಯಿಂದ ನೋಡಿದರೆ

ಈಗ 2025ಕ್ಕೆ ಮರಳೋಣ. ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ಡಾಲರ್ ಬೆಲೆ ನಮೂದಾದ ಒಂದು ಹತ್ತಿಯ ಟೀ ಶರ್ಟಿಗೆ ಅಮೆರಿಕದ ಸಾಮಾನ್ಯ ಆಮದು ಸುಂಕ ಶೇಕಡ 16.5, ಅಂದರೆ 1 ಡಾಲರ್ 65 ಸೆಂಟ್. ಅದರ ಮೇಲೆ ಇನ್ನೂ 50 ಸೇರಿದಾಗ 6 ಡಾಲರ್ 65 ಸೆಂಟ್. ಈ ಹಣವನ್ನು ಭಾರತ ಕಟ್ಟುವುದಿಲ್ಲ. ಅಮೆರಿಕದಲ್ಲಿ ಸರಕು ಬಿಡಿಸಿಕೊಳ್ಳುವ ಆಮದುದಾರ ಕಟ್ಟುತ್ತಾನೆ. ಆದರೆ ಹೊರೆ ಅವನ ಬಳಿಯೇ ಉಳಿಯುವುದೆಂದು ತಿಳಿಯಬೇಡಿ. ಆತ ಬೆಲೆ ಏರಿಸಿ ಅಮೆರಿಕದ ಗ್ರಾಹಕನ ಹೆಗಲಿಗೆ ದಾಟಿಸಬಹುದು. ‘ದರ ಇಳಿಸಿ’ ಎಂದು ಬೆಂಗಳೂರಿನ ಕಾರ್ಖಾನೆಗೆ ಹೇಳಬಹುದು. ಇಲ್ಲವೇ ಆರ್ಡರನ್ನು ಬೇರೆ ದೇಶಕ್ಕೆ ಕಳುಹಿಸಬಹುದು. ಆ ಆಗಸ್ಟಿನಲ್ಲಿ ಬಾಂಗ್ಲಾದೇಶ, ವಿಯೆಟ್ನಾಂಗಳ ಮೇಲಿದ್ದ ಹೆಚ್ಚುವರಿ ಸುಂಕ ಶೇಕಡ 20 ಮಾತ್ರ. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ಓವರ್‌ಟೈಮ್, ಕೊನೆಗೆ ಕೆಲಸ, ಈ 20 ಮತ್ತು 50ರ ನಡುವಿನ ಅಂತರದಲ್ಲಿ ಆಗ ತೂಗಾಡುತ್ತಿತ್ತು.

ಲೇತ್ ಶೆಡ್ಡಿನ ಕಥೆ ಇನ್ನೂ ಸಿಕ್ಕಲು. 2025ರ ಜೂನ್ 4ರಂದು ಅಮೆರಿಕ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲಿನ ಸುಂಕವನ್ನು ಶೇಕಡ 50ಕ್ಕೆ ಏರಿಸಿತು. ಅದಕ್ಕೂ ಮುಂಚೆ, ಏಪ್ರಿಲ್ 21ರಂದು, ನಮ್ಮದೇ ಸರಕಾರ ದೇಶದ ಉಕ್ಕಿನ ಕಾರ್ಖಾನೆಗಳನ್ನು ಕಾಪಾಡಲು ಕೆಲವು ಬಗೆಯ ಆಮದು ಉಕ್ಕಿನ ಮೇಲೆ 200 ದಿನಗಳ ಮಟ್ಟಿಗೆ ಶೇಕಡ 12ರಷ್ಟು ರಕ್ಷಣಾ ಸುಂಕ ಹಾಕಿತ್ತು. ಉಕ್ಕು ಮಾಡುವವನಿಗೆ ಅದು ಆಸರೆ, ಉಕ್ಕಿನ ತಗಡು ಕೊಂಡು ಬಿಡಿಭಾಗ ಮಾಡುವವನಿಗೆ ಖರ್ಚು. ಅಮೆರಿಕದಲ್ಲೂ ಇದೇ ಮಾತು. ಅಲ್ಲಿನ ಉಕ್ಕಿನ ಕಾರ್ಮಿಕ ಸುಂಕ ಬೇಕೆಂದರೆ, ಉಕ್ಕು ಕೊಳ್ಳುವ ಸಣ್ಣ ಕಾರ್ಖಾನೆಯವನು ಬೇಡವೆನ್ನುತ್ತಾನೆ. ಜಗಳ ಭಾರತ ಮತ್ತು ಅಮೆರಿಕದ ನಡುವೆ ಮಾತ್ರ ಇಲ್ಲ, ಎರಡೂ ದೇಶಗಳ ಒಳಗೂ ಇದೆ.

ಹಾಗಾದರೆ ನಾವು ಏನು ತಿಳಿಯಬೇಕು?

ಸುಂಕವೆಲ್ಲ ಕೆಟ್ಟದ್ದು ಎಂದು ಇತಿಹಾಸ ಹೇಳುವುದಿಲ್ಲ. ಆಸರೆಯಿಲ್ಲದೆ ಅಮೆರಿಕದ ಕಾರ್ಖಾನೆಗಳಾಗಲಿ, ನಮ್ಮ ಪೀಣ್ಯವಾಗಲಿ ಅಷ್ಟು ಬೇಗ ಬೇರು ಬಿಡುತ್ತಿದ್ದವೇ ಎಂಬುದು ಅನುಮಾನ. ಸುಂಕವೆಲ್ಲ ಒಳ್ಳೆಯದು ಎಂದೂ ಇತಿಹಾಸ ಹೇಳುವುದಿಲ್ಲ. 1930ರ ಅಮೆರಿಕ ಅದಕ್ಕೆ ಸಾಕ್ಷಿ. ದರಗಳು ಆದೇಶ, ಒಪ್ಪಂದ, ತೀರ್ಪುಗಳಿಂದ ಬದಲಾಗುತ್ತಲೇ ಇರುತ್ತವೆ. ಬದಲಾಗದೆ ಉಳಿಯುವ ಪ್ರಶ್ನೆಗಳು ಮೂರು. ಇದರಿಂದ ಯಾರಿಗೆ ಆಸರೆ? ಇದರ ಹೊರೆ ಕೊನೆಗೆ ಯಾರ ಹೆಗಲಿಗೆ? ಇದು ಎಲ್ಲಿಯವರೆಗೆ? ‘ನ್ಯಾಯಯುತ ವ್ಯಾಪಾರ’ ಎಂಬ ಮಾತು ಯಾರ ಬಾಯಿಂದ ಬಂದರೂ, ವಾಷಿಂಗ್ಟನ್ನಿನಿಂದ ಬರಲಿ, ದೆಹಲಿಯಿಂದ ಬರಲಿ, ಈ ಮೂರನ್ನು ಕೇಳಿ ನೋಡಿ. ಉತ್ತರ ಕೊಡದವನ ನ್ಯಾಯವನ್ನು ತಕ್ಷಣ ಒಪ್ಪಬೇಡಿ. ಸುಂಕದವನು ಸುಖದುಃಖ ಕೇಳುವುದಿಲ್ಲ, ನಿಜ. ಆದರೆ ಸುಂಕದ ದರ ನಿಗದಿ ಮಾಡುವವರನ್ನು ಆರಿಸುವ ಮತದಾರರು ನಾಳೆ ನೀವೇ. ಅವರಿಂದ ಉತ್ತರ ಕೇಳುವ ಹಕ್ಕು ನಿಮಗಿದೆ.

ಚರ್ಚೆಗೆ

1. ಕಚ್ಚಾ ರೇಷ್ಮೆಯ ಸುಂಕ ನಿಗದಿ ಮಾಡುವ ಸಭೆಯಲ್ಲಿ ರೈತ, ರೀಲರ್, ನೇಕಾರ, ಸೀರೆ ಕೊಳ್ಳುವವರು ನಾಲ್ವರೂ ಇದ್ದಾರೆ ಎಂದುಕೊಳ್ಳಿ. ತರಗತಿಯಲ್ಲಿ ನಾಲ್ಕು ಗುಂಪು ಮಾಡಿಕೊಂಡು ಪ್ರತಿಯೊಬ್ಬರ ಪರ ವಾದಿಸಿ.

2. 1896ರಲ್ಲಿ ಎರಡೂ ಬದಿಯ ಬಟ್ಟೆಗೆ ಒಂದೇ ದರದ ಸುಂಕ ಹಾಕಿದ್ದು ಸಮಾನತೆಯೇ, ನ್ಯಾಯವೇ? ಎರಡಕ್ಕೂ ಇರುವ ವ್ಯತ್ಯಾಸ ಬರೆಯಿರಿ.

3. ನಿಮ್ಮ ಮನೆಯವರೋ ನೆರೆಯವರೋ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ, ಅಲ್ಲಿ ತಯಾರಾಗುವ ಸರಕಿನ ಕಚ್ಚಾಮಾಲು ಎಲ್ಲಿಂದ ಬರುತ್ತದೆ, ಸಿದ್ಧ ಸರಕು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ದಾರಿಯಲ್ಲಿ ಎಷ್ಟು ಸುಂಕದ ಕಟ್ಟೆಗಳಿವೆ ಎಂದು ಎಣಿಸಿ.