ಸಂಗೀತ ನಾಟಕದ ಧ್ವನಿ ವಿನ್ಯಾಸ

ಸಂಗೀತ ನಾಟಕದ ಧ್ವನಿ ವಿನ್ಯಾಸವು ಗಾಯನ, ಸಂಭಾಷಣೆ, ವಾದ್ಯವೃಂದ ಹಾಗೂ ಧ್ವನಿ ಪರಿಣಾಮಗಳನ್ನು ಪ್ರೇಕ್ಷಾಗೃಹದ ಎಲ್ಲ ಆಸನಗಳಿಗೂ ಸ್ಪಷ್ಟವಾಗಿ ಮತ್ತು ಸಮತೋಲನದಲ್ಲಿ ತಲುಪಿಸುವ ರಂಗಕಲೆಯಾಗಿದೆ. ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ಇದು ಬೆಳಕಿನ ವಿನ್ಯಾಸದಂತೆಯೇ ಪ್ರತ್ಯೇಕ ವಿಭಾಗವಾಗಿದೆ. ಯಶಸ್ವಿ ವಿನ್ಯಾಸವು ಸಾಮಾನ್ಯವಾಗಿ ಪ್ರೇಕ್ಷಕರ ಗಮನಕ್ಕೆ ಬರುವುದಿಲ್ಲ. ಆದ್ದರಿಂದ ಇದನ್ನು ಕಲೆಯೆಂದು ಗುರುತಿಸುವುದು ಬಹುಕಾಲ ಚರ್ಚೆಯ ವಿಷಯವಾಗಿತ್ತು.

ಇತಿಹಾಸ

ಆರಂಭದಲ್ಲಿ ಬ್ರಾಡ್‌ವೇ ಗಾಯಕರು ತಮ್ಮ ಕಂಠಬಲವನ್ನೇ ಅವಲಂಬಿಸಿದ್ದರು. ಎಥೆಲ್ ಮರ್ಮನ್ ಇದಕ್ಕೆ ಹೆಸರಾಗಿದ್ದರು. 1960ರ ದಶಕದಲ್ಲಿ ರಾಕ್ ಸಂಗೀತದೊಂದಿಗೆ ವಿದ್ಯುತ್ ಗಿಟಾರ್‌ಗಳು ರಂಗಕ್ಕೆ ಬಂದಾಗ ಧ್ವನಿವರ್ಧನೆ ಅನಿವಾರ್ಯವಾಯಿತು. ರಾಕ್ ಸಂಗೀತ ಕಚೇರಿಗಳಲ್ಲಿ ದುಡಿದಿದ್ದ ಏಬ್ ಜೇಕಬ್ ಅವರು 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' (1971) ಮತ್ತು 'ಎ ಕೋರಸ್ ಲೈನ್' (1975) ನಾಟಕಗಳ ಮೂಲಕ ಈ ವೃತ್ತಿಗೆ ರೂಪ ನೀಡಿದರು.

ಕಾರ್ಯವಿಧಾನ

ನಟರ ಕೂದಲಿನಲ್ಲಿ ಅಥವಾ ಕಿವಿಯ ಬಳಿ ಚಿಕ್ಕ ನಿಸ್ತಂತು ಮೈಕ್ರೊಫೋನ್ ಅಡಗಿಸಲಾಗುತ್ತದೆ. ಇಬ್ಬರು ನಟರು ಹತ್ತಿರ ನಿಂತಾಗ ಒಬ್ಬರ ಧ್ವನಿಯನ್ನು ಎರಡೂ ಮೈಕ್ರೊಫೋನ್‌ಗಳು ಗ್ರಹಿಸಿ, ಧ್ವನಿಯು ಟೊಳ್ಳಾಗಿ ಕೇಳಿಸುತ್ತದೆ. ಇದನ್ನು ತಪ್ಪಿಸಲು ಮಿಕ್ಸರ್ ನಿರ್ವಾಹಕರು ಪ್ರತಿ ಸಾಲಿಗೂ ಮಾತನಾಡುವ ನಟರ ಫೇಡರನ್ನಷ್ಟೇ ಏರಿಸಿ, ಸಾಲು ಮುಗಿದೊಡನೆ ಇಳಿಸುತ್ತಾರೆ.

ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುತ್ತದೆ. ರಂಗದಿಂದ 34 ಮೀಟರ್ ದೂರದ ಆಸನವನ್ನು ಮುಟ್ಟಲು ಅದಕ್ಕೆ ಸುಮಾರು 0.1 ಸೆಕೆಂಡ್ ಬೇಕು. ಆದರೆ ಆ ಆಸನದ ಸಮೀಪದ ಧ್ವನಿವರ್ಧಕಕ್ಕೆ ವಿದ್ಯುತ್ ಸಂಕೇತವು ಬಹುತೇಕ ತಕ್ಷಣವೇ ತಲುಪುತ್ತದೆ. ಕಿವಿಯು ಮೊದಲು ಬಂದ ಧ್ವನಿಯ ದಿಕ್ಕನ್ನೇ ಮೂಲವೆಂದು ಭಾವಿಸುವುದರಿಂದ, ಧ್ವನಿವರ್ಧಕದ ಸಂಕೇತವನ್ನು ಉದ್ದೇಶಪೂರ್ವಕವಾಗಿ ತಡಮಾಡಲಾಗುತ್ತದೆ. ಆಗ ಹಾಡು ನಟರ ಬಾಯಿಂದಲೇ ಬಂದಂತೆ ಭಾಸವಾಗುತ್ತದೆ. ಇದಕ್ಕೆ 'ಹಾಸ್ ಪರಿಣಾಮ' ಎಂದು ಹೆಸರು.

ಟೋನಿ ಪ್ರಶಸ್ತಿ ಮತ್ತು ವಿವಾದ

ಟೋನಿ ಪ್ರಶಸ್ತಿಗಳಲ್ಲಿ ಧ್ವನಿ ವಿನ್ಯಾಸದ ವಿಭಾಗವು 2008ರಲ್ಲಿ ಸೇರ್ಪಡೆಯಾಯಿತು. ಸಂಗೀತ ನಾಟಕಕ್ಕಾಗಿ ಮೊದಲ ಪ್ರಶಸ್ತಿಯನ್ನು 'ಸೌತ್ ಪೆಸಿಫಿಕ್' ನಾಟಕದ ಸ್ಕಾಟ್ ಲೆಹ್ರರ್ ಪಡೆದರು. 2014ರಲ್ಲಿ ಈ ವಿಭಾಗವನ್ನು ಕೈಬಿಡಲಾಯಿತು. ಇದನ್ನು ಮೌಲ್ಯಮಾಪನ ಮಾಡುವ ಬಗೆ ಅನೇಕ ಮತದಾರರಿಗೆ ತಿಳಿಯದೆಂಬುದು ಕಾರಣಗಳಲ್ಲೊಂದೆಂದು ವರದಿಯಾಯಿತು. ಈ ನಿರ್ಧಾರಕ್ಕೆ ರಂಗಕರ್ಮಿಗಳಿಂದ ವ್ಯಾಪಕ ವಿರೋಧ ವ್ಯಕ್ತವಾಯಿತು. 2016ರಲ್ಲಿ 11 ಟೋನಿ ಪ್ರಶಸ್ತಿಗಳನ್ನು ಗೆದ್ದ 'ಹ್ಯಾಮಿಲ್ಟನ್' ನಾಟಕದ ಧ್ವನಿ ವಿನ್ಯಾಸಕ ನೆವಿನ್ ಸ್ಟೈನ್‌ಬರ್ಗ್ ಅವರ ಕೆಲಸವನ್ನು ಪರಿಗಣಿಸಲು ಆ ವರ್ಷ ವಿಭಾಗವೇ ಇರಲಿಲ್ಲ. 2017–18ರ ರಂಗಋತುವಿನಿಂದ ಪ್ರಶಸ್ತಿಯನ್ನು ಪುನಃ ಆರಂಭಿಸಲಾಯಿತು. 2018ರಲ್ಲಿ 'ದಿ ಬ್ಯಾಂಡ್ಸ್ ವಿಸಿಟ್' ನಾಟಕಕ್ಕಾಗಿ ಕಾಯ್ ಹರಾಡಾ ಅದನ್ನು ಪಡೆದರು. ಏಬ್ ಜೇಕಬ್ ಅವರಿಗೆ 2024ರಲ್ಲಿ ವಿಶೇಷ ಟೋನಿ ಗೌರವ ಸಂದಿತು.