ತಾಳಿಕೋಟೆಯಲ್ಲಿ ಗೆದ್ದವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ತಾಳಿಕೋಟೆಯ ಹೆಸರನ್ನು ಓದಿ, ‘ಅದು ಹಿಂದೂ-ಮುಸ್ಲಿಂ ಯುದ್ಧವೇ? ಗೆದ್ದವರು ನಾವೇ?’ ಎಂದು ಕೇಳುತ್ತಾರೆ. ಅವರಿಗೆ ಸತ್ಯವನ್ನು ತಿಳಿಸುವ ಹೊಣೆ ನಮ್ಮದು.

1565ರ ಜನವರಿ 23ರಂದು ನಡೆದ ಆ ಕದನವನ್ನು ರಕ್ಕಸಗಿ-ತಂಗಡಗಿ ಯುದ್ಧವೆಂದೂ ಕರೆಯುತ್ತಾರೆ. ಬಿಜಾಪುರದ ಅಲಿ ಆದಿಲ್ ಶಾಹ, ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡದ ಇಬ್ರಾಹೀಂ ಕುತುಬ್ ಶಾಹ ಮತ್ತು ಬೀದರಿನ ಅಲಿ ಬರೀದ್ ಶಾಹ ಒಂದಾಗಿ ವಿಜಯನಗರದ ವಯೋವೃದ್ಧ ಅಳಿಯ ರಾಮರಾಯನನ್ನು ಎದುರಿಸಿದರು. ರಾಮರಾಯ ಸೆರೆಸಿಕ್ಕು ಹತನಾದೊಡನೆ ಅವನ ಅಪಾರ ಸೈನ್ಯ ಚದುರಿಹೋಯಿತು.

ಆದರೆ ಇದು ಧರ್ಮಗಳ ನಡುವಿನ ಸಮರವಾಗಿರಲಿಲ್ಲ. ಇದೇ ಇಬ್ರಾಹೀಂ ಕುತುಬ್ ಶಾಹ ಪಟ್ಟವೇರುವ ಮೊದಲು ಸುಮಾರು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಇದೇ ಅಲಿ ಆದಿಲ್ ಶಾಹ ರಾಮರಾಯನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದವನು. ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸೇನಾನಿಗಳಿದ್ದರು. ಸುಲ್ತಾನರ ಸೇವೆಯಲ್ಲಿ ಮರಾಠ ಸರದಾರರಿದ್ದರು. ಬೆಳೆಯುತ್ತಿದ್ದ ರಾಮರಾಯನ ಬಲದ ಭಯವೂ ಕೋಟೆ-ಪ್ರಾಂತಗಳ ಆಸೆಯೂ ಸುಲ್ತಾನರನ್ನು ಒಂದುಗೂಡಿಸಿದವು. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ವಿವಾಹ ಮಾಡಿಕೊಟ್ಟು, ಸೋಲಾಪುರದ ಕೋಟೆಯನ್ನೂ ಒಪ್ಪಿಸಿದ ಮೇಲೆಯೇ ಆ ಮೈತ್ರಿ ಗಟ್ಟಿಯಾಯಿತು. ಬೇರಾರದ ಸುಲ್ತಾನ ಈ ಕೂಟದಲ್ಲಿ ಸೇರಲೇ ಇಲ್ಲ.

ಗೆಲುವಿನ ನಂತರ ವಿಜಯನಗರ ಪಟ್ಟಣವನ್ನು ತಿಂಗಳುಗಟ್ಟಲೆ ಸೂರೆಗೈಯಲಾಯಿತು. ಅದು ಅನ್ಯಾಯವೆಂದು ಹೇಳಲು ನಾವು ಹಿಂಜರಿಯಬಾರದು. ಅದೇ ಪಟ್ಟಣದಲ್ಲಿ 1439ರಲ್ಲಿ ಅಹ್ಮದ್ ಖಾನನೆಂಬ ಅಧಿಕಾರಿ ಎರಡನೆಯ ದೇವರಾಯನ ಶ್ರೇಯಸ್ಸಿಗಾಗಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ.

ಇತಿಹಾಸದ ದಿಕ್ಕು ಬದಲಾಯಿತೆಂಬುದು ನಿಜ. ತಿರುಮಲರಾಯ ರಾಜಧಾನಿಯನ್ನು ಪೆನುಕೊಂಡೆಗೆ ಒಯ್ದನು. ದಕ್ಷಿಣದಲ್ಲಿ ನಾಯಕರೂ ಮೈಸೂರಿನ ಒಡೆಯರೂ ಪ್ರಬಲರಾದರು. ಆದರೆ ಗೆದ್ದವರಿಗೆ ಉಳಿದದ್ದೇನು? ಕೊಳ್ಳೆಯ ಜೊತೆಗೆ ಅವರ ಒಗ್ಗಟ್ಟೂ ಕರಗಿತು. 1600ರಲ್ಲಿ ಅಹ್ಮದ್‌ನಗರದ ಕೋಟೆ ಮೊಗಲರ ವಶವಾಯಿತು. 1619ರಲ್ಲಿ ಬಿಜಾಪುರವೇ ಬೀದರನ್ನು ನುಂಗಿತು. 1686ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ಔರಂಗಜೇಬ್ ಗೆದ್ದುಕೊಂಡನು.

ಹಿಜರಿ 3ರ ಉಹುದ್ ಯುದ್ಧ ನಮಗೆ ಈ ಪಾಠವನ್ನು ಮೊದಲೇ ಕಲಿಸಿತ್ತು. ಪ್ರವಾದಿ(ಸ)ರವರ ಆಜ್ಞೆಯನ್ನು ಮರೆತು, ಸಮರಸೊತ್ತಿನ ಆಸೆಯಿಂದ ಬಿಲ್ಲುಗಾರರು ಬೆಟ್ಟವನ್ನು ಬಿಟ್ಟಿಳಿದಾಗ, ಕೈಗೆ ಬಂದ ಗೆಲುವು ಜಾರಿತು. ತಮ್ಮವರೆಂಬ ಕಾರಣಕ್ಕೆ ಆ ತಪ್ಪನ್ನು ಮುಸ್ಲಿಮರು ಮುಚ್ಚಿಡಲಿಲ್ಲ. ಇಂದಿಗೂ ಅದನ್ನು ಓದಿ ಕಲಿಯುತ್ತಾರೆ.

ಆದ್ದರಿಂದ ನಮ್ಮ ಮಕ್ಕಳಿಗೆ ಹೇಳೋಣ: ಅಂದು ಗೆದ್ದವರೂ ನಾವಲ್ಲ, ಸೋತವರೂ ನಮ್ಮ ನೆರೆಯವರಲ್ಲ. ಅರಸರು ಕಾದಾಡಿ ಮಣ್ಣಾದರು. ಕೃಷ್ಣೆಯ ದಡದ ಆ ಹೊಲಗಳಲ್ಲಿ ಇಂದು ಕೂಡಿ ಬಿತ್ತಿ ಬೆಳೆಯುವವರು ನಾವು. ನಮ್ಮದಲ್ಲದ ಜಯಕ್ಕೆ ಬೀಗುವುದೂ ಬೇಡ, ನಾವು ಮಾಡದ ತಪ್ಪಿಗೆ ತಲೆತಗ್ಗಿಸುವುದೂ ಬೇಡ. ನ್ಯಾಯದ ಪಕ್ಷದಲ್ಲಿ ನಿಂತರೆ ಸಾಕು.